ಮೂರೂ ಬೇಸ್ ತುಂಬಿದ್ದಾಗ

ಸಾನ್ ಪೆದ್ರೋ ದೆ ಮಾಕೊರೀಸ್
೧೪ ಮಾರ್ಚ್ ೧೯೯೭

ರಾಜಧಾನಿಯ ಶ್ರೀಮತಿ ಕಸಿಲ್ದಾ ಅವರ ಸನ್ನಿಧಾನಕ್ಕೆ, ಸಾನ್ ಪೆದ್ರೋದಲ್ಲಿ ಬಟ್ಟೆ ಹೊಲಿಯುವ ನೆರೇಯ್ದಾ ಬರೆಯುವುದು.

ನಾವಿಲ್ಲಿ ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂದು ಕೇಳುವುದೂ ಇಲ್ಲ.

ಬಸ್ ಡ್ರೈವರ್ ಕೈಯಲ್ಲಿ ನೀನು ಕಳಿಸಿದ ಪತ್ರ ತಲುಪಿತು. ಜೊತೆಗಿದ್ದ ಅಮೆರಿಕದ ಮುಲಾಮನ್ನು ಅದೇ ಬಸ್ಸಿಗೆ ವಾಪಸು ಹಾಕಿದ್ದೇನೆ. ಮುಲಾಮಿಗೆ ಬಗ್ಗುವ ಗಾಯವಲ್ಲ ಇದು. ಮೊನ್ನೆ ಪ್ಲಾಸ್ಟರ್ ಬಿಚ್ಚಿದರು. ವಿನಿಸಿಯೋನ ಬಲಗೈ ಮಣಿಕಟ್ಟು ತಿರುಗುವುದಿಲ್ಲ. ಬೀಗ ತೆಗೆಯಬೇಕಾದರೆ ಕೀಲಿಯನ್ನು ಎಡಗೈಗೆ ಬದಲಾಯಿಸಿಕೊಳ್ಳುತ್ತಾನೆ. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ಏನಾದರೂ ಹಾಡು ಗುನುಗುತ್ತಾನೆ. ನನ್ನ ಮಗ ಈಗ ಫ್ಲೋರಿಡಾದ ಬೇಸ್‌ಬಾಲ್ ಶಿಬಿರದಲ್ಲಿರಬೇಕಾಗಿತ್ತು, ಕಸಿಲ್ದಾ. ಎಂಟು ವರ್ಷ ಕಾದು, ಇಪ್ಪತ್ತಾರನೇ ವಯಸ್ಸಿಗೆ ಅಮೆರಿಕದ ತಂಡದಿಂದ ಬಂದ ಕರೆ. ಕೈ ಮುರಿದ ಸುದ್ದಿ ತಲುಪಿ ಒಂದು ವಾರದೊಳಗೆ ಆ ತಂಡದವರು ಎರಡೇ ಸಾಲು ಬರೆದು ಕೈ ತೊಳೆದುಕೊಂಡರು.

ಮುರಿದವನು ನಿನ್ನ ಮಗ ಎರಿಬೆರ್ತೋ.

ನೀನು ಬರೆದಿದ್ದೀಯ: “ಬೇಕೂಂತ ಹೊಡೀತಾನೇನೇ ಅವನು? ಮೂರೂ ಬೇಸ್ ತುಂಬಿದ್ವು. ಎಸೆದ ಚೆಂಡು ಬ್ಯಾಟು ಹಿಡಿದವನ ಮೈಗೆ ಬಿದ್ರೆ ಎಲ್ಲರೂ ಒಂದೊಂದು ಬೇಸ್ ಮುಂದಕ್ಕೆ ಹೋಗ್ತಾರೆ, ನಿಮಗೆ ಗೆಲ್ಲೋ ಓಟ ಬಿಟ್ಟಿಯಾಗಿ ಸಿಗುತ್ತೆ. ಯಾವ ದಡ್ಡ ಹಾಗೆ ಎಸೀತಾನೆ?” ಯಾರಿಗೆ ಹೇಳಿಕೊಡುತ್ತೀಯ? ಇದು ನಮ್ಮ ಕೇರಿಯ ಕೋಳಿಗೂ ಗೊತ್ತು. ನಿನಗೆ ಈ ಆಟದ ಲೆಕ್ಕ ಕಲಿಸಿದವಳೇ ನಾನು. ಮೂರನೇ ಬೇಸಿನ ಹಿಂದಿನ ಬೆಂಚಿನಲ್ಲಿ ಇಪ್ಪತ್ತೆರಡು ವರ್ಷ ಒಂದೇ ತಟ್ಟೆಯಲ್ಲಿ ಕರಿದ ಬಾಳೆಕಾಯಿ ತಿಂದವರು ನಾವು. ನಮ್ಮ ಮಕ್ಕಳು ಹುಟ್ಟಿದ ಮೇಲೆ ನಮ್ಮ ತಂಡ ಒಂದು ಸಲವೂ ಕಪ್ ಗೆದ್ದಿಲ್ಲ. ಆದರೂ ಪ್ರತಿ ಚಳಿಗಾಲ ಹಸಿರು ಅಂಗಿ ತೊಟ್ಟು ಹೋದೆವು, ಸೋತು ಗಂಟಲು ಕಟ್ಟಿಸಿಕೊಂಡು ಬಂದೆವು. ಆ ಹಸಿರು ಅಂಗಿಗಳನ್ನು ಹೊಲಿದದ್ದೂ ನಾನೇ.

ಎರಿಬೆರ್ತೋ ಅಮೆರಿಕಕ್ಕೆ ಹೋದದ್ದಕ್ಕೆ ಯಾರಾದರೂ ಒಂದು ಮಾತಾಡಿದರೇ? ಈ ಊರು ಹಡಗಿನಲ್ಲಿ ಸಕ್ಕರೆ ಕಳಿಸಿತು, ವಿಮಾನದಲ್ಲಿ ಮಕ್ಕಳನ್ನು ಕಳಿಸಿತು. ಅಲ್ಲಿ ಅವರು ಯಾವ ಬಣ್ಣ ಬೇಕಾದರೂ ತೊಡಲಿ. ಅವನ ಆಟವಿದ್ದ ದಿನ ಕ್ಷೌರದಂಗಡಿಯ ರೇಡಿಯೋ ಮುಂದೆ ಕೇರಿಗೆ ಕೇರಿಯೇ ಕೂರುತ್ತಿತ್ತು. ನಾವು ಕೇಳಿದ್ದು ಒಂದೇ: ಅಲ್ಲಿ ಆಟ ನಿಲ್ಲುವ ಚಳಿಗಾಲಕ್ಕೆ ಊರಿಗೆ ಬಂದಾಗ ಹಸಿರು ತೊಡು. ಹೋದ ವರ್ಷ ಭುಜ ನೋವು ಎಂದ. ಈ ವರ್ಷ ತಾನೇ ಕೇಳಿಕೊಂಡು ರಾಜಧಾನಿಯ ತಂಡ ಸೇರಿದ. ನೀನೂ ಗಂಟುಮೂಟೆ ಕಟ್ಟಿದೆ. ಹೋಗುವ ದಿನ ಬಾಗಿಲಲ್ಲಿ ನಿಂತು ಹೇಳಿದೆಯಲ್ಲ, “ನೆರೇಯ್ದಾ, ಸೋಲೋರ ಜೊತೆ ಕೂತೂ ಕೂತೂ ಸಾಕಾಯ್ತು ಕಣೇ” ಎಂದು. ಆ ಮಾತು ಇನ್ನೂ ನನ್ನ ಕಿವಿಯಲ್ಲಿ ಕೊಳೆಯುತ್ತಿದೆ.

ಜನವರಿಯ ಆ ಆಟದ ದಿನ ಎದುರು ಸಾಲಿನಲ್ಲಿ ನಿನ್ನನ್ನು ಕಂಡೆ. ನೀಲಿ ಟೋಪಿ, ನೀಲಿ ಬಾವುಟ. ನನ್ನ ಪಕ್ಕದ ಮೀನಿನಂಗಡಿ ಫೆರ್ಮೀನಾ ಹೇಳಿದಳು: “ನೋಡೇ, ನಿನ್ನ ಗೆಳತಿ ಬಣ್ಣ ಬದಲಾಯಿಸಿದ್ದಾಳೆ. ಓತಿಕ್ಯಾತಕ್ಕಾದ್ರೂ ನಾಚಿಕೆ ಇರುತ್ತೆ.” ನಾನು ನಕ್ಕೆ. ನಿನ್ನ ಮಗ ಎಸೆಯಲು ಬಂದಾಗ ಮೊದಲು ಶಿಳ್ಳೆ ಹಾಕಿ “ಮಾರಿಕೊಂಡವನೇ!” ಎಂದು ಕೂಗಿದವಳು ನಾನು. ಆಮೇಲೆ ಹತ್ತು ಸಾವಿರ ಗಂಟಲು ಅದನ್ನೇ ಕೂಗಿದವು. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಒಂಬತ್ತನೇ ಸುತ್ತು, ಕೊನೆಯದು. ಎರಡೂ ತಂಡ ಸಮಸಮ. ಮೂರೂ ಬೇಸಿನಲ್ಲಿ ನಮ್ಮವರು. ಬ್ಯಾಟು ಹಿಡಿದು ವಿನಿಸಿಯೋ. ಅವನಿಗೆ ನೀನು ಚರ್ಚಿನ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತಿದ್ದೆ, ನೆನಪಿದೆಯೇ? ಚೆಂಡು ಬಂತು, ಮಣಿಕಟ್ಟಿಗೆ ಬಡಿಯಿತು, ಓಟ ಸಿಕ್ಕಿತು, ನಾವು ಗೆದ್ದೆವು. ಊರವರು ನನ್ನ ಮಗನನ್ನು ಹೆಗಲ ಮೇಲೆ ಹೊತ್ತರು. ಅವನು ಬಿಳುಚಿಕೊಂಡು, ಮುರಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದ. ಎಲ್ಲರೂ ಅದನ್ನು ಆನಂದ ಎಂದುಕೊಂಡರು. ನಾಲ್ಕು ದಿನಕ್ಕೆ ಮುಂದಿನ ಆಟದಲ್ಲಿ ಸೋತು ನಮ್ಮ ತಂಡ ಹೊರಬಿತ್ತು.

ಎರಿಬೆರ್ತೋ ಆಸ್ಪತ್ರೆಗೆ ಬಂದಿದ್ದ. ಇದನ್ನು ಅವನು ನಿನಗೆ ಹೇಳಿರಲಿಕ್ಕಿಲ್ಲ. ಹೊರಗೆ ಜನ ಅವನ ಕಾರಿನ ಮೇಲೆ ಬಾಳೆ ಸಿಪ್ಪೆ ಎಸೆಯುತ್ತಿದ್ದರು. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. “ತಾಯಿ, ಒಂದೇ ನಿಮಿಷ ಮಾತಾಡಿ ಹೋಗ್ತೀನಿ” ಎಂದ. ನಾನು, “ಈ ಹೊಸ್ತಿಲು ದಾಟಿದ್ರೆ ನಿನ್ನ ಎಸೆಯೋ ಕೈನೂ ಹೀಗೇ ಆಗುತ್ತೆ” ಎಂದು ಬಾಗಿಲು ಹಾಕಿದೆ. ಒಳಗಿನಿಂದ ವಿನಿಸಿಯೋ, “ಅಮ್ಮಾ, ಬಿಡು ಅವನ್ನ” ಎಂದು ಕೂಗಿದ. ನಾನು ಬಿಡಲಿಲ್ಲ.

ಅವನು ಹೋದ ಮೇಲೆ ಮಗ ಗೋಡೆ ಕಡೆ ಮುಖ ಮಾಡಿ ಹೇಳಿದ: “ಅವನ ಎಸೆತ ನೆಟ್ಟಗೇ ಇತ್ತಮ್ಮಾ. ನಾನೇ ಕೈ ಮುಂದೆ ಮಾಡಿದೆ, ಅಂಪೈರಿಗೆ ಕಾಣಲಿಲ್ಲ. ಅವನ ಚೆಂಡು ಹೊಡೆಯೋಕೆ ನನ್ನಿಂದ ಆಗಲ್ಲ ಅಂತ ಗೊತ್ತಿತ್ತು. ಓಟ ಬೇಕಿತ್ತು, ಅಷ್ಟೇ.”

ಹಾಗಾಗಿ ಒಪ್ಪಿಕೊಳ್ಳುತ್ತೇನೆ: ನಿನ್ನ ಮಗ ಬೇಕೆಂದು ಹೊಡೆಯಲಿಲ್ಲ. ಪತ್ರದಲ್ಲಿ ನಿನಗೆ ಬೇಕಾಗಿದ್ದ ಸಾಲು ಇದೇ ತಾನೆ? ತಗೋ, ನೀಲಿ ಟೋಪಿಯಲ್ಲಿ ಸಿಕ್ಕಿಸಿಕೋ. ಆದರೆ ಅವನು ಹಸಿರು ತೊಟ್ಟಿದ್ದರೆ ಅವರಿಬ್ಬರೂ ಎದುರುಬದುರು ನಿಲ್ಲುತ್ತಲೇ ಇರಲಿಲ್ಲ. ಅದಕ್ಕೆ ಕ್ಷಮೆ ಇಲ್ಲ, ನಿನಗೂ ಇಲ್ಲ.

ವಿನಿಸಿಯೋ ನಾಳೆಯಿಂದ ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಕೆಲಸಕ್ಕೆ ಕೂರುತ್ತಾನೆ. ಬೀದಿಯಲ್ಲಿ ಜನ ಅವನನ್ನು “ನಮ್ಮ ಹುಲಿ” ಎಂದು ಕರೆದು ಬೆನ್ನು ತಟ್ಟುತ್ತಾರೆ. ನನ್ನನ್ನು ಕಂಡರೆ, “ಎಂಥಾ ಮಗನ್ನ ಹೆತ್ತೆ ತಾಯಿ” ಎನ್ನುತ್ತಾರೆ.

ಇನ್ನು ಪತ್ರ ಬರೆಯಬೇಡ.

ನಿನ್ನ ಗೆಳತಿಯಾಗಿದ್ದ
ನೆರೇಯ್ದಾ

ಮರೆತ ಮಾತು: ನೀನು ಎದುರು ಸಾಲಿನಲ್ಲಿದ್ದೆ, ಆ ಗದ್ದಲದಲ್ಲಿ ನಿನಗೆ ಕೇಳಿಸಿರಲಾರದು. ಎರಿಬೆರ್ತೋ ಎಸೆಯುವ ಮೊದಲು ನಾನು ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದೆ: “ಹಿಂದೆ ಸರೀಬೇಡ ಮಗನೇ! ಮೈಗೆ ತಗೊಳ್ಳೋ! ಆ ನೀಲಿಯವಳ ಎದುರಿಗೆ ಗೆದ್ದು ತೋರ್ಸೋ!” ವಿನಿಸಿಯೋ ಒಂದು ಸಲ ತಿರುಗಿ ನನ್ನನ್ನು ನೋಡಿದ. ಆಮೇಲೆ ಕೈ ಮುಂದೆ ಮಾಡಿದ. ಎಲುಬು ಮುರಿದ ಸದ್ದು ಆ ಗದ್ದಲದಲ್ಲೂ ಬೆಂಚಿನವರೆಗೆ ಕೇಳಿಸಿತು, ಕಸಿಲ್ದಾ. ನಾನು ಕುಣಿದೆ.