ಪಂಕಜಮ್ಮನ ಮನೆಯವರ ಶರ್ಟು

ಆಗಸ್ಟ್ ೨೯, ಶುಕ್ರವಾರ

ಆ ನೀಲಿ ಗೀಟಿನ ಬಟ್ಟೆಗೆ ನಾನು ಕತ್ತರಿ ಹಾಕಬಾರದಿತ್ತು.

ಎದುರುಮನೆ ಪಂಕಜಮ್ಮ, ತೀರಿಹೋದ ಗಂಡನ ಶರ್ಟುಗಳನ್ನು ತಂದುಕೊಟ್ಟು ನನ್ನಿಂದ ಕೌದಿ ಹೊಲಿಸಿಕೊಂಡಿದ್ದರು. ಮಿಕ್ಕ ತುಂಡುಗಳಿಗೆ ಒಳಗೆ ರಟ್ಟು ಕೂರಿಸಿ ಪುಟ್ಟ ಡಬ್ಬಿಗಳನ್ನು ಹೊಲಿದೆ. ಗೌರಿಹಬ್ಬಕ್ಕೆ ಕರೆದ ಮುತ್ತೈದೆಯರಿಗೆಲ್ಲ ಅದರಲ್ಲೇ ಅರಿಶಿನ ಕುಂಕುಮ ಇಟ್ಟು ಕೊಟ್ಟೆ. ಪಂಕಜಮ್ಮನ ಸೊಸೆಗೂ ಒಂದು ಸಿಕ್ಕಿತು. ಪಂಕಜಮ್ಮನನ್ನು ಕರೆದಿರಲಿಲ್ಲ. ಕರೆಯಬೇಕೆಂದು ಹೊಳೆಯಲೂ ಇಲ್ಲ.

ಇವತ್ತು ಗಾಂಧಿ ಬಜಾರಿನಲ್ಲಿ, ಹೂವಿನವಳ ಮುಂದೆ ಸಿಕ್ಕರು. ಚಿಲ್ಲರೆಗೆಂದು ಚೀಲದಿಂದ ತೆಗೆದದ್ದು ಸೊಸೆಗೆ ಕೊಟ್ಟ ಆ ಡಬ್ಬಿಯನ್ನೇ.

"ಇದು ನಮ್ಮನೆಯವರ ಶರ್ಟು ಅಲ್ವೇನಮ್ಮ?"

ಬಟ್ಟೆ ಮಿಕ್ಕಿತ್ತು, ಅದಕ್ಕೇ ಎಂದು ತಡವರಿಸಿದೆ.

"ಇರ್ಲಿ ಬಿಡು, ಚೆನ್ನಾಗಿ ಹೊಲ್ದಿದೀಯ. ನಿಮ್ಮನೆ ಹಬ್ಬಕ್ಕೆ ಅವರಾದ್ರೂ ಬಂದ್ರಲ್ಲ."

ನಗುತ್ತಲೇ ಹೇಳಿದರು. ದೇವರಿಗೆಂದು ಕೊಂಡ ಮಲ್ಲಿಗೆಯಲ್ಲಿ ಒಂದು ತುಂಡು ಹರಿದು ನನ್ನ ಕೈಗಿಟ್ಟು, "ಮುಡ್ಕೋ" ಎಂದರು.

ಮುಡಿದುಕೊಂಡೆ. ಒಂದು ಸಲ ಮನೆಗೆ ಬನ್ನಿ ಎಂದು ಆಗಲೂ ಅನ್ನಲಿಲ್ಲ.

ಬಟ್ಟೆಯದ್ದೇ ತಪ್ಪು ಎಂದು ಬರೆಯಲು ಕೂತೆ. ಹೂವು ಇನ್ನೂ ತಲೆಯಲ್ಲೇ ಇದೆ. ತೆಗೆದಿಡೋಣವೆಂದರೆ ಮನಸ್ಸು ಬರುತ್ತಿಲ್ಲ.