ಗೇರಿಲ್ಲದ ಕಾರು ಮತ್ತು ನಿನ್ನ ಅತ್ತಿಗೆ

ಮನೆಯಿಂದ,
ಶನಿವಾರ, ಮಾರ್ಚ್ ೨೨

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲಾ ಒಂದು ವರ್ಷದ ತರಬೇತಿ ಮುಗಿಯುವವರೆಗೂ ಐಸು ಹಾಕಿದ ಷರಬತ್ತೇ ಗತಿಯೋ? ನಿನ್ನ ಹೆಂಡತಿ ಗದರಿಸುತ್ತಿದ್ದಾಳೆ ಎಂದು ನಂಬಿದ್ದೇನೆ. ನಾವಿಲ್ಲಿ ಚೆನ್ನಾಗಿದ್ದೇವೆ. ಆಪರೇಷನ್ ಆದ ನನ್ನ ಎಡಮಂಡಿ ಈಗ ಎರಡು ಮಹಡಿ ಹತ್ತುತ್ತದೆ, ಮೂರನೆಯದಕ್ಕೆ ಮಾತ್ರ ಮುನಿಸಿಕೊಳ್ಳುತ್ತದೆ. ನಿನ್ನ ಅತ್ತಿಗೆಗೆ ಶಾಲೆಯೊಂದರ ಸಮವಸ್ತ್ರ ಹೊಲಿಯುವ ಕೆಲಸ ಬಂದಿದೆ. ಬೆಳಿಗ್ಗೆಯಿಂದ ಮಿಷನ್ನು ಬಾಯಿ ಮುಚ್ಚಿಲ್ಲ, ಈಗ ಕೊನೆಯ ಗುಂಡಿಗಳು ನಡೆಯುತ್ತಿವೆ.

ಇನ್ನು ನೀನು ಬಿಟ್ಟುಹೋದ ಕಾರಿನ ವಿಷಯ. ಒಂದನೇ ತಾರೀಖು ನಿನ್ನ ಷಡ್ಡಕ ಬಂದು ಅದನ್ನು ಒಯ್ಯುತ್ತಾನೆ, ನಿಮಗೇಕೆ ಇಲ್ಲದ ತಾಪತ್ರಯ ಎಂದು ಬರೆದಿದ್ದೀಯ. ತಪ್ಪು ನನ್ನದೇ. ಮೊದಮೊದಲು ನಾನು ಬರೆದ ಕಾಗದಗಳಲ್ಲಿ ದೂರು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ತೀರ್ಮಾನ ಮಾಡುವ ಮೊದಲು ಈ ಕಾಗದ ಪೂರ್ತಿ ಓದು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು. ಇಂಜಿನ್ನು ಗುರುಗುಟ್ಟಿದರೆ ಕೈ ತಾನಾಗಿ ಗೇರಿಗೆ ಹೋಗುತ್ತದೆ. ನಿನ್ನ ಕಾರೋ, ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನು ಒಂದೇ ಶ್ರುತಿ ಹಿಡಿದು ಕೂತುಬಿಡುತ್ತದೆ, ಗಾಡಿ ಮಾತ್ರ ವೇಗ ಏರಿಸುತ್ತಾ ಹೋಗುತ್ತದೆ. ಈಗ ಬದಲಾಗುತ್ತದೆ, ಈಗ ಬದಲಾಗುತ್ತದೆ ಎಂದು ಕಾದು ಕಾದು ನನಗೇ ಉಸಿರುಕಟ್ಟುತ್ತಿತ್ತು. ಗೇರುಪೆಟ್ಟಿಗೆ ಕೆಟ್ಟಿದೆ ಎಂದು ಮೂರು ಸಲ ಗ್ಯಾರೇಜಿಗೆ ಒಯ್ದೆ. ಮೂರನೇ ಸಲ ಮೆಕ್ಯಾನಿಕ್ ನನಗೊಂದು ಟೀ ತರಿಸಿಕೊಟ್ಟು, "ಯಜಮಾನ್ರೇ, ಇದ್ರಲ್ಲಿ ಬದಲಾಗೋಕೆ ಗೇರೇ ಇಲ್ಲ. ಎರಡು ರಾಟೆ, ಮಧ್ಯೆ ಒಂದು ಉಕ್ಕಿನ ಬೆಲ್ಟು. ರಾಟೆ ಅಗಲ ಆಗುತ್ತೆ, ಕಿರಿದಾಗುತ್ತೆ, ಅಷ್ಟೇ. ನೀವು ಸುಮ್ನೆ ಕೂತ್ಕೊಳ್ಳಿ" ಎಂದ. ಸುಮ್ಮನೆ ಕೂರುವುದನ್ನು ಮಾತ್ರ ಯಾರೂ ನನಗೆ ಕಲಿಸಿರಲಿಲ್ಲ.

ಎಡಗಾಲಿನದು ಇನ್ನೊಂದು ಕಥೆ. ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನೇ ತುಳಿಯುತ್ತಿತ್ತು. ತರಕಾರಿ ಅಂಗಡಿಯ ಮುಂದೆ ಹಾಗೆ ತುಳಿದ ದಿನ ಎರಡು ಕಿಲೋ ಟೊಮೆಟೊ ಚೀಲದಿಂದ ಹಾರಿ ಡ್ಯಾಷ್‌ಬೋರ್ಡಿಗೆ ಬಡಿಯಿತು. ನಿನ್ನ ಅತ್ತಿಗೆ ಮುಖ ಒರೆಸಿಕೊಳ್ಳುತ್ತಾ, "ಇಳೀರಿ, ನಡ್ಕೊಂಡೇ ಹೋಗೋಣ" ಎಂದಳು. ಅಂದಿನಿಂದ ಎಡಗಾಲನ್ನು ಹಿಂದಕ್ಕೆ ಸರಿಸಿಟ್ಟು ಕೂರಬೇಕೆಂದು ನನಗೆ ಶಿಕ್ಷೆಯಾಗಿದೆ.

ಕಳೆದ ತಿಂಗಳು ಏರುರಸ್ತೆಯಲ್ಲಿ ಕುಂಯ್ ಎಂದು ಒಂದು ಸಣ್ಣ ಸದ್ದು ಬಂತು. ಮೂವತ್ತೊಂದು ವರ್ಷ ಪಳಗಿದ ಕಿವಿ ಬಿಡುತ್ತದೆಯೇ? ಮೆಕ್ಯಾನಿಕ್ ಏನೂ ಇಲ್ಲ ಎಂದ. ಪಟ್ಟು ಹಿಡಿದು ನೋಡಿಸಿದರೆ, ಗೇರುಪೆಟ್ಟಿಗೆಯ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ನಾಲ್ಕು ವರ್ಷದಿಂದ ಬದಲಿಸಿಯೇ ಇಲ್ಲವಲ್ಲೋ, ಮಹಾರಾಯ! ಮೆಕ್ಯಾನಿಕ್ ಅವಸರದಲ್ಲಿ ಸಾಮಾನ್ಯ ಗೇರ್ ಆಯಿಲ್ ಡಬ್ಬಿ ತೆರೆದಿದ್ದ. ಇದಕ್ಕೆ ಇದರದೇ ಆಯಿಲ್ ಆಗಬೇಕು ಎಂದು ಕಾರಿನ ಪುಸ್ತಕ ತೋರಿಸಿ ತಡೆದೆವು. ಸರಿಯಾದ ಡಬ್ಬಿ ಬರಲು ಎರಡು ದಿನ ಕಾದೆವು. ಪುಣ್ಯಕ್ಕೆ ಬೆಲ್ಟಿಗೆ ಏನೂ ಆಗಿರಲಿಲ್ಲ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಗೇರುಪೆಟ್ಟಿಗೆಗೇ ಕುತ್ತು ಬರುತ್ತಿತ್ತಂತೆ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಮೇಲೆ ಗಾಡಿ ಹಿಡಿಯಬಾರದು, ಬ್ರೇಕನ್ನೇ ಒತ್ತಬೇಕು ಎಂಬುದನ್ನೂ ಕಲಿತೆವು. ನಿನ್ನ ಷಡ್ಡಕನಿಗೆ ಇದೆಲ್ಲ ಎಲ್ಲಿ ಗೊತ್ತು? ಕಾರಿನಲ್ಲಿ ಅವನು ಹಾಕುವ ಹಾಡಿನ ಅಬ್ಬರಕ್ಕೆ ಗೇರುಪೆಟ್ಟಿಗೆ ಗೋಳೋ ಎಂದು ಅತ್ತರೂ ಕೇಳಿಸದು.

ಈಗ ಕಾರು ಜುಂ ಎನ್ನದೆ, ಜಗ್ಗದೆ, ಎಷ್ಟು ಹಗುರಾಗಿ ಹೋಗುತ್ತದೆ ಗೊತ್ತೇ? ನಿವೃತ್ತನಾದ ಮೇಲೆ ಈ ಕಾರು ಬಂದ ನಾಲ್ಕು ತಿಂಗಳಲ್ಲಿ ನಕ್ಕಷ್ಟು ನಾನು ನಕ್ಕಿರಲಿಲ್ಲ. ನೀವು ವಾಪಸು ಬರುವವರೆಗೆ ಅದು ಇಲ್ಲೇ ಇರಲಿ, ತಮ್ಮಾ. ಕೆಮ್ಮಿನ ಔಷಧಿ ಬಿಡಬೇಡ. ಇಬ್ಬರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಬೆನ್ನಿಗೆ ನಮ್ಮಿಬ್ಬರ ಆಶೀರ್ವಾದ ಇದ್ದೇ ಇದೆ.

ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಅತ್ತಿಗೆ ಕಾಗದ ಓದಿ, "ಸುಳ್ಳು ಬರೀಬೇಡಿ" ಎಂದು ಪೆನ್ನು ಮತ್ತೆ ಕೈಗಿಟ್ಟಳು. ಆ ಸದ್ದು ಕೇಳಿಸಿಕೊಂಡವಳು ಅವಳು. ಕಾರು ಓಡಿಸುತ್ತಿದ್ದವಳೂ ಅವಳೇ, ನಾನು ಪಕ್ಕದಲ್ಲಿ ತೂಕಡಿಸುತ್ತಿದ್ದೆ. ಟೊಮೆಟೊ ಹಾರಿದ ಮರುದಿನವೇ ಕಲಿಯಲು ಕೂತಳು. ಮರೆಯಬೇಕಾದ ಗೇರೂ ಕ್ಲಚ್ಚೂ ಅವಳಿಗಿರಲಿಲ್ಲವಲ್ಲ, ಆರೇ ವಾರದಲ್ಲಿ ನನ್ನನ್ನು ಮೀರಿಸಿದಳು. ಗುರುವಾರ ಲೈಸೆನ್ಸ್ ಬಂತು. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವುದೇನಿದೆ! ಸಮವಸ್ತ್ರದ ಶಾಲೆ ಇಪ್ಪತ್ತು ಕಿಲೋಮೀಟರ್ ದೂರ. ಈ ಕಾರನ್ನು ನಂಬಿಯೇ ಅವಳು ಆ ಕೆಲಸ ಒಪ್ಪಿಕೊಂಡಿದ್ದು. ಅರವತ್ತು ಜೊತೆ ಹೇರಿಕೊಂಡು ಇದೀಗ ಒಬ್ಬಳೇ ಹೊರಟಳು. ಕಿಟಕಿಯಿಂದ ನೋಡುತ್ತಿದ್ದೇನೆ, ತಿರುವು ದಾಟಿದಳು. ಷಡ್ಡಕನಿಗೆ ಕಾರು ಕೊಡಲೇಬೇಕೆಂದಿದ್ದರೆ ನೀನೇ ಅತ್ತಿಗೆಗೆ ಬರೆದು ಹೇಳಪ್ಪ. ನನಗಂತೂ ಅಷ್ಟು ಧೈರ್ಯವಿಲ್ಲ.