ಕಡಲಿಗೆ ಒಂದು ಬೊಗಸೆ ಉಸುಕು

ಬೊಕ್ಕಪಟ್ಣ, ಮಂಗಳೂರು
ಇಸವಿ ೨೧೮೬, ಆಟಿ ತಿಂಗಳ ನಲವತ್ತೊಂದನೆಯ ದಿನ

ಒಂದೂವರೆ ಶತಮಾನದ ಹಿಂದಿನ ಹಿರಿಯರೇ,

ತಿಂಗಳಿಗೆ ಇಷ್ಟು ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ. ಆಟಿ ಇಲ್ಲಿಯವರ ಮಳೆ ತಿಂಗಳು, ಮಳೆ ಬಿಡುವವರೆಗೆ ಈಗ ಅದು ಮುಗಿಯುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಡಲ ದಂಡೆಯಿಂದ ಬಂದೆ, ನಿದ್ದೆ ಹತ್ತಲಿಲ್ಲ. ಕೋಣೆಯೊಳಗೆ ಅಡ್ಡಾಡುತ್ತ ಹೇಳುತ್ತಿದ್ದೇನೆ, ಯಂತ್ರ ಬರೆದುಕೊಳ್ಳುತ್ತಿದೆ.

ನಾನು ಹುಲಿಗೆಮ್ಮ, ಕುಷ್ಟಗಿ ಕಡೆಯವಳು. ದುಡಿಯಲು ಬಂದು ಬೊಕ್ಕಪಟ್ಣದಲ್ಲಿ ಬಾಡಿಗೆಗಿದ್ದೇನೆ. ಕೆಲಸ ಬೇರುಗೋಡೆಯಲ್ಲಿ. ಅದು ಕಲ್ಲಿನ ಗೋಡೆಯಲ್ಲ, ನದಿಯಂಚಿಗೆ ಒತ್ತಾಗಿ ಬೆಳೆಸಿದ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಸಾಲು. ಸೊಂಟದವರೆಗೆ ಉಪ್ಪುನೀರಿನಲ್ಲಿ ನಿಂತು ಸಸಿ ನೆಡುತ್ತೇವೆ. ರಜೆ ಸಿಕ್ಕರೆ ದೋಣಿ ಹತ್ತಿ ನದಿ ದಾಟುತ್ತೇನೆ, ಆಚೆ ದಡವೇ ತಣ್ಣೀರುಬಾವಿಯ ಕಡಲ ದಂಡೆ. ಟಿಕೇಟಿಲ್ಲ, ಬೇಲಿಯಿಲ್ಲ. ಚರುಮುರಿಯವರು ಇವತ್ತಿಗೂ ಮಾವಿನಕಾಯಿ ಹೆಚ್ಚುತ್ತಾರೆ, ಗಾಳಿಮರದ ಕೆಳಗೆ ಅಜ್ಜಂದಿರು ಇವತ್ತಿಗೂ ಗೊರಕೆ ಹೊಡೆಯುತ್ತಾರೆ.

ಆದರೆ ಪ್ರತಿ ಮಳೆಗಾಲವೂ ಕಡಲು ದಂಡೆಯನ್ನು ತಿನ್ನುತ್ತದೆ. ಅದಕ್ಕೇ ಇಲ್ಲಿ ಹೊಯ್ಗೆಮುಯ್ಯಿ ಎಂಬ ಪದ್ಧತಿ. ಹೊಯ್ಗೆ ಅಂದರೆ ಮರಳು, ನಮ್ಮ ಕಡೆಯ ಉಸುಕು. ಮದುವೆಗೆ ಮುಯ್ಯಿ ಮಾಡುವಂತೆ, ಆಟಿಯಲ್ಲಿ ಬಂದವರೆಲ್ಲ ತಮ್ಮೂರ ಹೊಳೆಯ ಒಂದು ಬೊಗಸೆ ಮರಳನ್ನು ಇಲ್ಲಿ ಸುರಿಯುತ್ತಾರೆ. ದಂಡೆಯ ಮೇಲೆ ಒಂದು ಗೀಟುಕಲ್ಲಿದೆ. ಆಟಿ ಮುಗಿಯುವುದರೊಳಗೆ ಮರಳು ಅದರ ಗೀಟನ್ನು ಮುಚ್ಚಿದರೆ ಎಲ್ಲರೂ ನೀರಿಗಿಳಿಯಬಹುದು. ಇಲ್ಲವಾದರೆ ಮುಂದಿನ ವರ್ಷದವರೆಗೆ ಯಾರೂ ನೀರಿಗಿಳಿಯುವಂತಿಲ್ಲ.

ಈ ಸಲ ಗೀಟು ಮುಚ್ಚಲಿ ಎಂದು ನಾನು ಹರಕೆ ಹೊತ್ತಿದ್ದೆ. ಅವ್ವ ಕಡಲನ್ನು ಕಂಡವಳಲ್ಲ, ಈ ಆಟಿಗೆ ಬರುವವಳಿದ್ದಳು. ಅವಳ ಮೊಣಕಾಲು ಸೋತಿವೆ, ಇನ್ನೊಂದು ವರ್ಷ ಕಾಯುವಂತಿರಲಿಲ್ಲ. ನಾನೂ ಮುಯ್ಯಿ ಹಾಕೋಣವೆಂದರೆ ನಮ್ಮ ಹಳ್ಳದಲ್ಲಿ ಮರಳೆಲ್ಲಿ? ನಿಮ್ಮ ಕಾಲದ ಮನೆಗಳಿಗಾಗಿ ತೋಡಿ ಒಯ್ದದ್ದು, ನಾನು ಊರು ಬಿಡುವಾಗಲೂ ಬರೀ ಬಂಡೆ. ಹಾಗಾಗಿ ಊರಿನಿಂದ ಒಂದು ಚೀಲ ಹೊಲದ ಎರೆಮಣ್ಣು ತರಿಸಿದೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಮುಯ್ಯಿ ಇಲ್ಲ. ಹೆಮ್ಮೆಯಿಂದ ಹೊತ್ತು ತಂದು ದಂಡೆಗೆ ಸುರಿದೆ. ಮಳೆ ಬಿತ್ತು, ಬಂದವರೆಲ್ಲ ಜಾರಿ ಬಿದ್ದರು. ಗೀಟುಕಲ್ಲು ನೋಡಿಕೊಳ್ಳುವ ಲೋಲಾಕ್ಷಕ್ಕ ಸೊಂಟ ಹಿಡಿದುಕೊಂಡು ಎದ್ದು, "ಎಂತ ಮಾರಾಯ್ತಿ, ಇಲ್ಲಿ ಬದನೆ ನೆಡ್ಲಿಕ್ಕುಂಟಾ ನಿಂಗೆ?" ಎಂದರು. ಕೆಸರನ್ನು ನಾನೇ ಕೆರೆದು ತೆಗೆಯಬೇಕಾಯಿತು. ಅದರ ಜೊತೆ ಮರಳೂ ಹೋಯಿತು. ಇನ್ನೇನು ಮುಚ್ಚಬೇಕಿದ್ದ ಗೀಟು ನಾಲ್ಕು ಬೆರಳು ಮೇಲೆ ಎದ್ದು ಕಂಡಿತು.

ಬರಬೇಡವೆಂದು ಅವ್ವನಿಗೆ ಫೋನು ಮಾಡಿದೆ. "ಸುಮ್ನಿರು. ನೀ ಊರು ಬಿಟ್ಟಮ್ಯಾಲೆ ಮ್ಯಾಲಿನ ಒಡ್ಡು ತಗದ್ರು, ಹಳ್ಳಕ್ಕ ಉಸುಕು ಹೊಳ್ಳಿ ಬಂದೈತಿ. ನಾ ತರಾಕತ್ತೀನಿ," ಎಂದಳು.

ಇವತ್ತು ಬೆಳಿಗ್ಗೆ ದೋಣಿಯಿಂದ ಅವ್ವ ಇಳಿದಳು, ಹಿಂದೆ ದೋಣಿಯವನ ತಲೆಯ ಮೇಲೆ ಒಂದು ಜೋಳದ ಚೀಲ. ಒಳಗೆ ನಮ್ಮ ಓಣಿಯ ಮನೆಮನೆಯ ಉಸುಕು, ಒಂದೊಂದು ಬೊಗಸೆ, ಒಂದೊಂದು ಬಟ್ಟೆಯ ಗಂಟಿನಲ್ಲಿ. ಲೋಲಾಕ್ಷಕ್ಕ ತಡೆದರು.

"ಬಾರದವರ ಮುಯ್ಯಿ ನಾವು ಹಿಡಿಯುವುದಿಲ್ಲ ಅಮ್ಮ, ಕ್ರಮ ಇಲ್ಲ."

"ಮದುವಿಗೆ ಬರಲಾರದವರು ಮಂದಿ ಕೈಯಾಗ ಮುಯ್ಯಿ ಕೊಟ್ಟು ಕಳಸೂದಿಲ್ಲೇನು ತಂಗಿ? ನೀ ಅದನ್ನ ಹೊರಗ ಒಗೀತಿ?"

ಲೋಲಾಕ್ಷಕ್ಕ ನನ್ನ ಮುಖ ನೋಡಿದರು. "ಮಗಳು ಗದ್ದೆ ತಂದ್ಲು, ತಾಯಿ ಹೊಳೆಯನ್ನೇ ತಂದ್ರು," ಎಂದು ನಕ್ಕು, ಮೊದಲ ಗಂಟನ್ನು ತಾವೇ ಬಿಚ್ಚಿದರು. ಆಮೇಲೆ ಬಂದ ದೋಣಿಗಳವರೂ ಸುರಿದರು. ಸಂಜೆಗೆ ಗೀಟು ಮುಚ್ಚಿತು.

ಅವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. "ಇಷ್ಟು ನೀರು ಇಟ್ಕೊಂಡು ಒಂದ್ಸಲನೂ ನಮ್ಮ ಕಡಿ ಬರಲಿಲ್ಲಲ್ಲೋ," ಎಂದು ಕಡಲನ್ನೇ ಬೈದಳು. ಅಲೆ ಬಂದು ಅವಳ ಮೊಣಕಾಲು ತೊಳೆಯಿತು. ಈಗ ನನ್ನ ಹಾಸಿಗೆಯ ಮೇಲೆ ಮಲಗಿದ್ದಾಳೆ, ಕಾಲಿಗೆ ಹತ್ತಿದ ಉಸುಕನ್ನು ಒರೆಸಲು ಬಿಟ್ಟಿಲ್ಲ.

ಹಿರಿಯರೇ, ನಿಮ್ಮ ಹಳ್ಳಗಳಲ್ಲಿ ಇನ್ನೂ ಉಸುಕಿದೆ ಎಂದು ಕೇಳಿದ್ದೇನೆ. ಪೂರ್ತಿ ಬಳಿಯಬೇಡಿ, ನಮಗೆಂದು ಒಂದು ಬೊಗಸೆ ಬಿಡಿ. ನೀವು ಇಲ್ಲಿಗೆ ಬರಲಾರಿರಿ, ಗೊತ್ತು. ಬರಲಾರದವರ ಮುಯ್ಯಿಯನ್ನೂ ಈ ದಂಡೆ ಇವತ್ತಿನಿಂದ ಹಿಡಿಯುತ್ತದೆ.

ನಿಮ್ಮ ಮರಿಮಕ್ಕಳ ಮರಿಮಗಳು,
ಹುಲಿಗೆಮ್ಮ